ಆಷಾಢದ ಫೋಟೋಗ್ರಾಫರು

ಮೊನ್ನೆ ವಿಜಯನಗರದ ಮಾರ್ಕೆಟ್ಟಿನಲ್ಲಿ ಅವರೆಕಾಯಿ ಆರಿಸುತ್ತಿದ್ದಾಗ ಹಿಂದಿನಿಂದ ಯಾರೋ ಭುಜ ಹಿಡಿದು ಅಲುಗಿಸಿದರು. ತಿರುಗಿದರೆ ಸರೋಜಾ. ಒಂದು ಕಾಲದಲ್ಲಿ ಅತ್ತಿಗುಪ್ಪೆಯ ನಮ್ಮ ಮನೆಯ ಹಿತ್ತಿಲಲ್ಲಿ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ಹುಡುಗಿಗೆ ಈಗ ಮೊಮ್ಮಕ್ಕಳಿದ್ದಾರೆ.

"ಅಕ್ಕಾ, ಗೊತ್ತಾಯ್ತಾ? ಸ್ಟುಡಿಯೋ ಅವ್ರು ಹೋಗ್ಬಿಟ್ರಂತೆ."

"ಯಾವಾಗ್ಲೇ?"

"ತಿಂಗಳ ಮೇಲಾಯ್ತಂತೆ. ಮೈಸೂರಲ್ಲಿ ಮಗಳ ಮನೇಲಿದ್ರಂತೆ. ನಮಗೆಲ್ಲ ಯಾರು ಬಂದು ಹೇಳ್ತಾರೆ?"

ತರಕಾರಿ ಚೀಲ ಹಿಡಿದವರು ನಮ್ಮಿಬ್ಬರನ್ನೂ ತಳ್ಳಿಕೊಂಡು ಓಡಾಡುತ್ತಿದ್ದರು. ಇಬ್ಬರೂ ಅಲ್ಲೇ ನಿಂತಿದ್ದೆವು. ಅವರೆಕಾಯಿಯವನು "ಅಮ್ಮಾ, ತಗೊಳೋದಾದ್ರೆ ತಗೊಳ್ಳಿ, ದಾರಿ ಬಿಡಿ" ಎಂದ ಮೇಲೆ ಮನೆಗೆ ಬಂದೆ. ಬಂದಾಗಿನಿಂದ ಯಾವ ಕೆಲಸಕ್ಕೂ ಕೈ ಹೋಗುತ್ತಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕೇಳಿ ಒಪ್ಪಿಗೆ ಪಡೆಯೋಣವೆಂದರೆ ಅವರಿಲ್ಲ. ಕೇಳದೆ ಹಾಕಿದರೆ ಅವರಿಗೆ ಸರಿಹೋಗುತ್ತಿರಲಿಲ್ಲ. ಯಾಕೆ ಎನ್ನುವುದು ಮುಂದೆ ಗೊತ್ತಾಗುತ್ತದೆ.

ಎಂಬತ್ತರ ದಶಕ. ವಿಜಯನಗರದ ಬಸ್ ನಿಲ್ದಾಣದಿಂದ ಸ್ವಲ್ಪ ಒಳಗೆ, ಹೊಲಿಗೆ ಅಂಗಡಿಗೂ ಸೈಕಲ್ ಶಾಪಿಗೂ ನಡುವೆ ಅವರ ಸ್ಟುಡಿಯೋ ಇತ್ತು. ಮದುವೆ, ಗೃಹಪ್ರವೇಶ, ನಾಮಕರಣಗಳ ಫೋಟೋಗ್ರಾಫರು. ನಲವತ್ತರ ಆಸುಪಾಸಿನ ತೆಳ್ಳಗಿನ ಆಳು. ಚಡಪಡಿಕೆಯನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಹುಟ್ಟಿದವರಂತೆ ಇದ್ದರು. ಮೊಪೆಡ್ಡಿನ ಕೀಲಿಯನ್ನು ಬೆರಳಿಗೆ ಸಿಕ್ಕಿಸಿ ಸದಾ ತಿರುಗಿಸುತ್ತಿದ್ದರು. ಎರಡು ಮಾತಿಗೊಮ್ಮೆ ತಲೆಯೆತ್ತಿ ಆಕಾಶ ನೋಡುತ್ತಿದ್ದರು. ಮೋಡ ಸರಿದು ಬಿಸಿಲು ಬಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು. "ಬರ್ತೀನಿ" ಎಂದು ಹೊರಟೇಬಿಡುತ್ತಿದ್ದರು. ಗೇಟಿನವರೆಗೆ ಹೋದ ಮೇಲೆ ಉಳಿದರ್ಧ ಮಾತು ನೆನಪಾಗಿ ವಾಪಸು ಬರುತ್ತಿದ್ದರು. ನಮ್ಮ ಅತ್ತೆ "ಈ ಫೋಟೋದಯ್ಯನ ಮಾತು ಗೇಟಿಂದಾಚೆ ಅರ್ಧ, ಈಚೆ ಅರ್ಧ" ಎನ್ನುತ್ತಿದ್ದರು. ಅವರ ಹೆಂಡತಿ ಒಮ್ಮೆ ನನ್ನ ಹತ್ತಿರ, "ನಿದ್ದೇಲೂ ಕಾಲು ಆಡಿಸ್ತಾರೆ ಕಣ್ರೀ, ಮಂಚ ಎಲ್ಲ ಕಿರ್ ಕಿರ್ ಅನ್ನುತ್ತೆ" ಎಂದು ಬೇಸರಪಟ್ಟುಕೊಂಡಿದ್ದರು.

ಮದುವೆ ಮನೆಯಲ್ಲಿ ಪುರೋಹಿತರಿಗೂ ಅವರಿಗೂ ಜಗಳ ತಪ್ಪುತ್ತಿರಲಿಲ್ಲ. "ಸ್ವಾಮಿ, ಮುಹೂರ್ತ ಇನ್ನೂ ಇದೆ, ಬೆಳಕು ಹೋಗ್ತಾ ಇದೆ. ಹುಡುಗೀನ ಎರಡು ನಿಮಿಷ ಹೊರಗೆ ಕಳಿಸಿ" ಎಂದು ಹೋಮದ ಮಧ್ಯೆಯೇ ಕೇಳುವ ಧೈರ್ಯ ಅವರೊಬ್ಬರಿಗೇ ಇದ್ದದ್ದು.

ನಮಗೆ ಅವರು ಪರಿಚಯವಾದದ್ದು ಗಿರಾಕಿಯಾಗಿ. ನಾನೂ ನಮ್ಮ ಅತ್ತೆಯೂ ಮನೆಯಲ್ಲೇ ಸಾರಿನಪುಡಿ, ಹುಳಿಪುಡಿ ಮಾಡಿ ಸುತ್ತಮುತ್ತಲ ಅಂಗಡಿಗಳಿಗೆ ಹಾಕುತ್ತಿದ್ದೆವು. ನಮ್ಮ ಯಜಮಾನರು ಕಾರ್ಖಾನೆಗೆ ಹೋಗುತ್ತಿದ್ದರು. ಪುಡಿಯ ವ್ಯವಹಾರಕ್ಕೆ ಅತ್ತೆಯೇ ದೊರೆ. ಒಂದು ದಿನ ಪುಡಿ ಕೊಳ್ಳಲು ಬಂದ ಫೋಟೋಗ್ರಾಫರು ಪೊಟ್ಟಣ ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು. ಪ್ಲಾಸ್ಟಿಕ್ ಕವರಿನೊಳಗೆ ಬಣ್ಣದ ಲೇಬಲ್ಲು. ಅದರ ಮೇಲೆ ದೊಡ್ಡ ತುರುಬಿನ, ದುಂಡು ಮುಖದ ಹೆಂಗಸು.

"ಈ ಯಮ್ಮ ಯಾರು ಸಿಸ್ಟರ್? ನಿಮ್ಮ ಮನೆಯೋರಾ?"

"ಇಲ್ಲಪ್ಪ. ಪ್ರೆಸ್ಸಿನವರು ಕೊಟ್ಟಿದ್ದು."

"ಸುಂಕದಕಟ್ಟೇಲಿ ಒಂದು ತಲೆಗೆಣ್ಣೆ ಬಾಟ್ಲಿ ಮೇಲೂ ಇವ್ರೇ ಇದಾರೆ. ಅಲ್ಲೂ ಹಿಂಗೇ ನಗ್ತಾ ಇದಾರೆ. ಅಲ್ಲಿ ಎಣ್ಣೆ ಹಚ್ಕೊಂಡು ಇಲ್ಲಿಗೆ ಬಂದು ಸಾರು ಕುದಿಸ್ತಾರಾ?"

ಅತ್ತೆಗೆ ಸಿಟ್ಟು ಬಂತು. ಅದರಲ್ಲಿ ನಮ್ಮ ತಪ್ಪೇನೂ ಇರಲಿಲ್ಲ. ರಾಜಾಜಿನಗರದ ಪ್ರೆಸ್ಸುಗಳಲ್ಲಿ ಸಿದ್ಧ ಲೇಬಲ್ಲುಗಳ ಕಟ್ಟು ಇರುತ್ತಿತ್ತು. ಗಿಳಿ, ಮಗು, ತುರುಬಿನ ಹೆಂಗಸು, ಯಾವುದು ಬೇಕೋ ಆರಿಸಿಕೊಂಡರೆ ಕೆಳಗೆ ನಮ್ಮ ಹೆಸರು ಅಚ್ಚು ಹಾಕಿ ಕೊಡುತ್ತಿದ್ದರು. ಸ್ವಂತ ಫೋಟೋ ಹಾಕಿಸಬೇಕೆಂದರೆ ದೊಡ್ಡ ಸ್ಟುಡಿಯೋದವರನ್ನು ಕರೆಸಬೇಕು. ಅವರು ದೀಪ, ದೀಪಕ್ಕೆ ಹಿಡಿಯುವ ಛತ್ರಿ, ಸಹಾಯಕರ ಸಮೇತ ಬರುತ್ತಾರೆ. ಅವರಿಗೆ ಕೊಡುವಷ್ಟು ದುಡ್ಡಿದ್ದರೆ ನಾವು ಒಂದು ಗಿರಣಿಯನ್ನೇ ಹಾಕುತ್ತಿದ್ದೆವು.

"ನಾನು ತೆಗೀತೀನಿ. ನಿಮ್ಮ ಪುಡಿ, ನಿಮ್ಮ ಮನೆ, ನಿಮ್ಮ ಮುಖ" ಎಂದರು. ಅಷ್ಟರಲ್ಲಿ ಬಿಸಿಲು ಬಂತು. ಹೊರಟುಹೋದರು.

ಅವರು ಮೊದಲು ಕಂಡುಕೊಂಡ ದಾರಿ ಬಹಳ ದಿನ ನಡೆಯಲಿಲ್ಲ. ಮದುವೆಯ ರೀಲಿನಲ್ಲಿ ಕೊನೆಗೆ ಒಂದೆರಡು ಚಿತ್ರಕ್ಕಾಗುವಷ್ಟು ಜಾಗ ಉಳಿಯುತ್ತದಲ್ಲ, ಅದರಲ್ಲಿ ಬೇಕರಿಯವನ ಕೇಕನ್ನೋ ಹಪ್ಪಳದವರ ಹಪ್ಪಳವನ್ನೋ ತೆಗೆದುಕೊಡುತ್ತಿದ್ದರು. ಒಂದು ಸಲ ಬಸವೇಶ್ವರನಗರದ ಮದುವೆ ಮನೆಯೊಂದಕ್ಕೆ ಪ್ರಿಂಟುಗಳ ಕಟ್ಟು ಹೋಯಿತು. ಧಾರೆ, ಮಾಂಗಲ್ಯಧಾರಣೆ, ಅರುಂಧತಿ ದರ್ಶನ, ಅದಾದ ಮೇಲೆ ಒಂದು ಮೊರದ ತುಂಬ ಹಪ್ಪಳ! ಹುಡುಗಿಯ ತಂದೆ ಸ್ಟುಡಿಯೋಗೆ ಬಂದು, "ನಮ್ಮ ರೀಲಲ್ಲಿ ಯಾರ್ದ್ರೀ ಈ ಹಪ್ಪಳ?" ಎಂದು ಕೂಗಾಡಿದರು. ಇನ್ನೊಬ್ಬರಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದರು. ಇವರು ಎರಡು ದಿನ ಒದ್ದಾಡಿದರು. ಆಮೇಲೆ ನಮ್ಮ ಮನೆಗೆ ಬಂದು, "ಆ ಯಜಮಾನ್ರು ಹೇಳಿದ್ದು ಸರಿ ಸಿಸ್ಟರ್. ರೀಲು ಅವ್ರು ದುಡ್ಡು ಕೊಟ್ಟಿದ್ದು. ಉಳೀತು ಅಂತ ಅದು ನಂದಾಗಲ್ಲ" ಎಂದರು. ಅಲ್ಲಿಗೆ ಅದು ನಿಂತಿತು.

ಎರಡನೆಯ ದಾರಿ ತೋರಿಸಿದ್ದು ಆಷಾಢ. ಆಷಾಢ ಬಂತೆಂದರೆ ಅವರನ್ನು ನೋಡಲಾಗುತ್ತಿರಲಿಲ್ಲ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಸ್ಟುಡಿಯೋಗೆ ಬರುವವರು ಪಾಸ್‌ಪೋರ್ಟ್ ಸೈಜಿನ ಫೋಟೋದವರು ಮಾತ್ರ. ರಸ್ತೆಯಲ್ಲಿ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ನಡೆಯುತ್ತಿದ್ದರು. ಹಾಗೆ ನಡೆಯುತ್ತಿರುವಾಗಲೇ ಹೊಳೆದದ್ದಿರಬೇಕು. ಒಂದು ಬೆಳಿಗ್ಗೆ ಬಂದು, ಗೇಟಿನಿಂದಲೇ ಶುರುಮಾಡಿದರು.

"ಅಮ್ಮಾ, ಆಷಾಢದಲ್ಲಿ ನಂಗೆ ಕೆಲಸ ಇಲ್ಲ. ನಿಮಗೆ ಫೋಟೋಗೆ ದುಡ್ಡಿಲ್ಲ. ಸರಿ ಅಲ್ವಾ? ಮೂರು ಮನೆಯೋರು ಸೇರಿ ಒಂದು ರೀಲು ಹಾಕ್ಕೊಳ್ಳಿ. ರೀಲಿನ ಖರ್ಚು, ತೊಳೆಯೋ ಖರ್ಚು ಹಂಚ್ಕೊಳ್ಳಿ. ನಂದು ಕೂಲಿ ಅರ್ಧ. ಆಷಾಢದ ರೇಟು. ಶ್ರಾವಣ ಬಂದ್ರೆ ನಾನು ನಿಮ್ಮ ಕಡೆ ತಿರುಗೀನೂ ನೋಡಲ್ಲ, ಈಗ್ಲೇ ಹೇಳ್ಬಿಡ್ತೀನಿ."

ಹೀಗೆ ಶುರುವಾಯಿತು. ಫ್ರಾಕು ಹೊಲಿಯುವವರು, ಬೆತ್ತದ ಬುಟ್ಟಿಯವರು, ಬೇಕರಿಯವನು, ಊದುಬತ್ತಿಯವರು ಸೇರಿಕೊಂಡರು. ಯಾರಾದರೂ ಪುಕ್ಕಟೆ ಕೇಳಿ, "ನಿಮ್ಮ ಸ್ಟುಡಿಯೋ ಹೆಸರು ಹಾಕ್ತೀವಿ, ಪ್ರಚಾರ ಆಗುತ್ತೆ" ಎಂದರೆ, "ಪ್ರಚಾರಾನ ನನ್ನ ಹೆಂಡ್ತಿ ಕುಕ್ಕರಲ್ಲಿಟ್ಟು ಬೇಯಿಸ್ತಾಳಾ?" ಎನ್ನುತ್ತಿದ್ದರು. ಆದರೆ ನಿಜವಾಗಿ ಕೈಯಲ್ಲಿಲ್ಲದವರಿಗೆ ದುಡ್ಡಿನ ಬದಲು ಬುಟ್ಟಿಯನ್ನೋ ಫ್ರಾಕನ್ನೋ ತೆಗೆದುಕೊಂಡು ಕೆಲಸ ಮಾಡಿಕೊಟ್ಟದ್ದೂ ಉಂಟು. ಒಂದೇ ಒಂದು ಷರತ್ತು ಹಾಕುತ್ತಿದ್ದರು. ನೀವು ಮಾಡಿದ್ದರ ಫೋಟೋ ಮಾತ್ರ. ಬೇಕರಿಯವನು ಫಾರಿನ್ ಪತ್ರಿಕೆಯ ಮೂರಂತಸ್ತಿನ ಕೇಕಿನ ಚಿತ್ರವನ್ನು ಮರುಫೋಟೋ ತೆಗೆದುಕೊಡಿ ಎಂದಾಗ, "ಗಿರಾಕಿ ಇದನ್ನೇ ಕೇಳಿದ್ರೆ ಮಾಡ್ತೀಯಾ? ಮಾಡಲ್ಲ. ಮತ್ತೆ ಮಗು ಹುಟ್ಟಿದಹಬ್ಬದ ದಿನ ಅಳ್ಬೇಕಾ?" ಎಂದು ಬೈದು ಬಂದಿದ್ದರು.

ನಮ್ಮ ಸರದಿಯ ದಿನ ಮೋಡ ಕವಿದಿತ್ತು, ಗಾಳಿ ಬೀಸುತ್ತಿತ್ತು. ಹಿತ್ತಿಲ ಗೋಡೆಗೆ ನಮ್ಮ ಯಜಮಾನರ ಬಿಳಿ ಪಂಚೆ ಕಟ್ಟಿಸಿದರು. ಹಿತ್ತಾಳೆ ಬೇಸಿನ್ನಿನಲ್ಲಿ ಪುಡಿ, ಸುತ್ತ ಕೊತ್ತಂಬರಿ ಬೀಜ, ಬ್ಯಾಡಗಿ ಮೆಣಸಿನಕಾಯಿ. ಅದು ಮುಗಿದ ಮೇಲೆ ಅತ್ತೆಯ ಕಡೆ ತಿರುಗಿ, "ಅಮ್ಮಾ, ಈಗ ನೀವು ಬನ್ನಿ" ಎಂದರು.

"ನಾನ್ಯಾಕೆ?"

"ಪುಡಿ ನಿಮ್ದು. ಲೇಬಲ್ ಮೇಲೆ ನೀವೇ ಇರ್ಬೇಕು."

"ಪುಡಿ ಸುರ್ಕೊಂಡ ಮೇಲೆ ಆ ಲೇಬಲ್ ಎಲ್ಲಿ ಎಸೀತಾರೆ? ಕಸಕ್ಕೆ ತಾನೇ? ನನ್ನ ಮುಖ ತಿಪ್ಪೇಲಿ ಬಿದ್ದಿರ್ಬೇಕಾ? ಆಗಲ್ಲಪ್ಪ, ಹೋಗು."

ಅವರು ಅಂಗಲಾಚುತ್ತಿದ್ದರು, ಅತ್ತೆ ಜಗ್ಗುತ್ತಿರಲಿಲ್ಲ. ಆಗ ಜೋರಾಗಿ ಗಾಳಿ ಬಂದು ಬೇಸಿನ್ನಿನ ಪುಡಿಯೆಲ್ಲ ಎದ್ದು ನೇರ ಅವರ ಮುಖಕ್ಕೇ ಬಡಿಯಿತು. ಸೀನು ಶುರುವಾಯಿತು ನೋಡಿ, ನಿಲ್ಲಲೇ ಇಲ್ಲ. ಕಣ್ಣಲ್ಲಿ ನೀರು, ಮೂಗಲ್ಲಿ ನೀರು. ಸೀನುತ್ತಾ ಒಂದೊಂದೇ ಹೆಜ್ಜೆ ಹಿಂದೆ ಹೋಗಿ ನೀರಿನ ತೊಟ್ಟಿಗೆ ಎಡವಿದರು. ಜರಡಿ ಹಿಡಿದು ನಿಂತಿದ್ದ ಸರೋಜಾ ನಕ್ಕಳು. ಎಂಥ ನಗು ಅದು! ತಲೆ ಹಿಂದಕ್ಕೆ ಬಾಗಿ, ಜಡೆ ಹಾರಾಡಿ, ಹಲ್ಲೆಲ್ಲ ಕಾಣುವಂತೆ. ಸರೋಜಾ ದೀಪಾಂಜಲಿನಗರದವಳು, ಮೈಸೂರು ರಸ್ತೆಯ ಬದಿ ಹೂ ಮಾರುವ ಹೆಂಗಸಿನ ಮಗಳು. ನಮ್ಮಲ್ಲಿ ಕೆಲಸಕ್ಕೆ ಸೇರಿ ಬಹಳ ದಿನವಾಗಿದ್ದರೂ ಅವಳು ಹಾಗೆ ನಕ್ಕಿದ್ದನ್ನು ನಾವು ಕಂಡಿರಲಿಲ್ಲ. ಅವರು ಕಣ್ಣು ಒರೆಸಿಕೊಳ್ಳದೆಯೇ ಕ್ಯಾಮೆರಾ ಎತ್ತಿ ಕ್ಲಿಕ್ಕಿಸಿಬಿಟ್ಟರು.

ತೊಳೆದು ಬಂದ ಚಿತ್ರ ನೋಡಿ ಅತ್ತೆ, "ಇದೇ ಹಾಕ್ಬಿಡಿ" ಎಂದರು. ಸರೋಜಾಳಿಗೂ ತೋರಿಸಿದೆವು. ಬಾಯಿಗೆ ದಾವಣಿ ಸೆರಗು ಅಡ್ಡ ಹಿಡಿದು ಓಡಿಹೋದಳು. ಅದನ್ನೇ ಒಪ್ಪಿಗೆ ಎಂದುಕೊಂಡು ಎಲ್ಲರೂ ಸುಮ್ಮನಾದೆವು. ಪ್ರೆಸ್ಸಿನವರು ಶಿವಕಾಶಿಗೆ ಕಳಿಸಿ ಲೇಬಲ್ ಮಾಡಿಸಿಕೊಟ್ಟರು.

ಆ ಲೇಬಲ್ಲು ನಮ್ಮನ್ನು ಎತ್ತಿ ನಿಲ್ಲಿಸಿತು. ಅಂಗಡಿಯವರು "ನಗೋ ಹುಡುಗಿ ಪುಡಿ ಇನ್ನೊಂದು ಡಜನ್ ಕಳಿಸಿ" ಎಂದು ತಾವಾಗಿಯೇ ಹೇಳಿಕಳಿಸತೊಡಗಿದರು. ರಾಜಾಜಿನಗರದಾಚೆಗೂ ಪೊಟ್ಟಣ ಹೋಯಿತು, ಕೆಂಗೇರಿಗೂ ಹೋಯಿತು. ಕೆಲಸಕ್ಕೆ ಇನ್ನಿಬ್ಬರನ್ನು ಸೇರಿಸಿಕೊಂಡೆವು.

ತೊಂದರೆ ಬಂದದ್ದು ಆ ಕೆಂಗೇರಿಯಿಂದಲೇ. ಸರೋಜಾಳಿಗೆ ಅಲ್ಲಿಂದ ಒಂದು ಸಂಬಂಧ ಬಂದಿತ್ತು. ಹುಡುಗನ ಕಡೆಯವರು ಬಂದು ನೋಡಿಕೊಂಡು ಹೋಗಿದ್ದರು. ಎರಡು ವಾರದ ಮೇಲೆ ಅವಳ ತಾಯಿ ಹೂವಿನ ಬುಟ್ಟಿಯ ಸಮೇತ ನಮ್ಮ ಮನೆಗೆ ಬಂದು ಜಗುಲಿಯ ಮೇಲೆ ಕುಸಿದು ಕೂತಳು.

"ಅಮ್ಮಾವ್ರೇ, ಹುಡುಗನ ಮಾವ ಅಂಗ್ಡೀಲಿ ಬೀಡಿ ತಗೊಳ್ಳಕ್ಕೆ ಹೋಗವ್ನೆ. ಅಲ್ಲಿ ನಮ್ಮ ಹುಡುಗಿ ಮುಖ ದಾರಕ್ಕೆ ನೇತಾಡ್ತಾ ಇತ್ತಂತೆ. 'ಅಂಗ್ಡೀಲಿ ನೇತಾಡೋ ಹುಡುಗಿ ನಮಗೆ ಬ್ಯಾಡ' ಅಂತವ್ನೆ. ಏನ್ ಮಾಡ್ಲಿ ಹೇಳಿ?"

ಅತ್ತೆ ನಡುಮನೆಯ ಕಡೆ ನೋಡಿದರು. ಹಿಂದಿನ ದಿನವಷ್ಟೇ ಹೊಸ ಲೇಬಲ್ಲಿನ ಕಟ್ಟುಗಳು ಬಂದು ನಡುಮನೆಯಲ್ಲಿ ಬಿದ್ದಿದ್ದವು. "ಅಷ್ಟೂ ಸುಟ್ಟುಹಾಕಿದ್ರೆ ನಾವು ಮೇಲೇಳಲ್ಲ ಕಣಮ್ಮ" ಎಂದರು. ಅದೂ ಸುಳ್ಳಲ್ಲ. ಹೆಚ್ಚಾದ ಗಿರಾಕಿಗಳನ್ನು ನಂಬಿ ನಾವು ಹೊಸ ಗಿರಣಿ ಯಂತ್ರಕ್ಕೆ ಮುಂಗಡ ಕೊಟ್ಟಾಗಿತ್ತು. ಸರೋಜಾ ಹಿತ್ತಿಲಲ್ಲೇ ಇದ್ದಳು. ಜರಡಿಯ ಸದ್ದು ನಿಂತಿತ್ತು. ಅವಳು ಒಳಗೆ ಬರಲಿಲ್ಲ, ನಾವೂ ಕರೆಯಲಿಲ್ಲ.

ಮಧ್ಯಾಹ್ನ ಫೋಟೋಗ್ರಾಫರಿಗೆ ಸುದ್ದಿ ಮುಟ್ಟಿತು. ಬಂದರು, ಕೇಳಿದರು, ಕೀಲಿ ತಿರುಗಿಸುತ್ತಾ ಅಂಗಳದಲ್ಲಿ ಅಡ್ಡಾಡಿದರು. ನಾನು "ಕಾಫಿ ತರ್ತೀನಿ ಇರಿ" ಎಂದು ಒಳಗೆ ಹೋಗಿ ಬರುವುದರೊಳಗೆ ಮೊಪೆಡ್ಡಿನ ಸದ್ದು ಕೇಳಿತು. ಯಾರಿಗೂ ಹೇಳದೆ ನೇರವಾಗಿ ಕೆಂಗೇರಿಗೆ ಹೋಗಿಬಿಟ್ಟಿದ್ದರು.

ಸಂಜೆ ವಾಪಸು ಬಂದಾಗ ಅಂಗಿಯ ಗುಂಡಿ ಕಿತ್ತಿತ್ತು. ಹುಡುಗನ ಮನೆಯಲ್ಲಿ ಮೊದಲು ನಯವಾಗಿಯೇ ಮಾತಾಡಿದರಂತೆ. ಆ ಮಾವ "ಮುಖ ಮಾರ್ಕೊಂಡೋಳು" ಎಂದು ಬಾಯಿ ಬಿಟ್ಟನಂತೆ. ಇವರಿಗೆ ತಡೆಯಲಾಗಲಿಲ್ಲ. "ನಿಮ್ಮ ಮನೆ ಹುಡುಗ ಒಂದು ದಿನ ಆದ್ರೂ ಹಾಗೆ ನಕ್ಕಿದಾನಾ?" ಎಂದು ಕೂಗಾಡಿ ಬಂದಿದ್ದರು. ಹೋಗುವ ಮುಂಚೆ ಸಂಬಂಧ ತೂಗುಯ್ಯಾಲೆಯಲ್ಲಿತ್ತು. ಇವರು ಹೋಗಿ ಬಂದ ಮೇಲೆ ಪೂರ್ತಿ ಮುರಿದು ಬಿತ್ತು.

ಸರೋಜಾ ಆಗ ಹೊರಗೆ ಬಂದಳು. ಕೈಯೆಲ್ಲ ಮೆಣಸಿನ ಪುಡಿ. ಅವರ ಎದುರು ನಿಂತು, ದನಿ ಏರಿಸದೆ ಕೇಳಿದಳು.

"ನಿಮ್ಮನ್ನ ಯಾರು ಹೋಗಿ ಅಂದ್ರು ಸಾರ್? ಫೋಟೋ ತೆಗೆಯೋವಾಗ್ಲೂ ನನ್ನ ಕೇಳ್ಲಿಲ್ಲ. ಪ್ಯಾಕೆಟ್ ಮೇಲೆ ಹಾಕೋವಾಗ್ಲೂ ಕೇಳ್ಲಿಲ್ಲ. ಕೆಂಗೇರಿಗೆ ಹೋಗೋವಾಗ್ಲೂ ಕೇಳ್ಲಿಲ್ಲ. ಎಲ್ಲಾರೂ ನನ್ನ ವಿಷ್ಯಾನೇ ಮಾತಾಡ್ತಾ ಇದೀರ. ನನ್ನ ಹತ್ರ ಯಾರು ಮಾತಾಡಿದ್ರಿ?"

ಅವರ ಬೆರಳಿನಲ್ಲಿ ತಿರುಗುತ್ತಿದ್ದ ಕೀಲಿ ಕೆಳಗೆ ಬಿತ್ತು. ಎತ್ತಿಕೊಂಡರು. ಮೊಪೆಡ್ ತಳ್ಳಿಕೊಂಡೇ ಬೀದಿಯ ತುದಿಯವರೆಗೆ ಹೋದದ್ದನ್ನು ನಾನು ಕಿಟಕಿಯಿಂದ ನೋಡಿದೆ.

ನಾಲ್ಕೈದು ದಿನ ಈ ಕಡೆ ತಲೆಹಾಕಲಿಲ್ಲ. ಅವರ ಹೆಂಡತಿ ಬಂದು, "ಊಟ ಬಿಟ್ಟಿದಾರೆ, ಸ್ಟುಡಿಯೋನೂ ತೆಗೀತಿಲ್ಲ. ಏನಾಯ್ತು ಹೇಳಿ" ಎಂದು ನನ್ನನ್ನೇ ಕೇಳಿದರು. ಆ ವಾರ ನಮ್ಮ ಮನೆಯಲ್ಲೂ ಯಾರಿಗೂ ನೆಮ್ಮದಿಯಿರಲಿಲ್ಲ. ಅತ್ತೆ ವಿನಾಕಾರಣ ಪಾತ್ರೆ ಕುಕ್ಕುತ್ತಿದ್ದರು. ಸರೋಜಾ ಮಾತ್ರ ದಿನವೂ ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಬರುತ್ತಿದ್ದಳು, ತಲೆ ತಗ್ಗಿಸಿ ಜರಡಿ ಆಡಿಸಿ ಹೋಗುತ್ತಿದ್ದಳು.

ಆಮೇಲೆ ಒಂದು ಬೆಳಿಗ್ಗೆ ಫೋಟೋಗ್ರಾಫರು ಬಂದರು. ಈ ಸಲ ಹಿತ್ತಿಲಿಗೇ ಹೋಗಿ ಸರೋಜಾಳ ಮುಂದೆ ನೆಲದ ಮೇಲೆ ಕೂತರು. ಜೇಬಿನಿಂದ ತೆಳು ಕಾಗದದ ಲಕೋಟೆ ತೆಗೆದು ಅವಳ ಕೈಗೆ ಕೊಟ್ಟರು. ಒಳಗೆ ನೆಗೆಟಿವ್. ಪಕ್ಕದಲ್ಲಿ ಒಂದು ಕತ್ತರಿ ಇಟ್ಟರು.

"ಇದು ನಿಂದಮ್ಮ. ಇದಿಲ್ಲದೆ ನಾನು ಇನ್ನೊಂದು ಪ್ರಿಂಟ್ ಹಾಕಕ್ಕಾಗಲ್ಲ. ಬೇಡ ಅಂದ್ರೆ ಕತ್ತರಿಸಿಬಿಡು. ನಾನಾಗ್ಲಿ ಅಮ್ಮಾವ್ರಾಗ್ಲಿ ಒಂದು ಮಾತು ಆಡಲ್ಲ."

ಅತ್ತೆ ಬಾಗಿಲಲ್ಲಿ ನಿಂತು ಏನೋ ಹೇಳಲು ಬಾಯಿ ತೆರೆದರು. ನಾನು ಅವರ ಕೈ ಒತ್ತಿ ಹಿಡಿದೆ.

ಸರೋಜಾ ನೆಗೆಟಿವನ್ನು ಬೆಳಕಿಗೆ ಎತ್ತಿ ಹಿಡಿದಳು. ಅದರಲ್ಲಿ ಅವಳ ಕೂದಲು ಬೆಳ್ಳಗೆ, ಹಲ್ಲು ಕಪ್ಪಗೆ ಕಂಡಿರಬೇಕು.

"ಇದನ್ನ ಕತ್ತರಿಸಿದ್ರೆ ನಾನು ಹಿಂಗೆ ನಕ್ಕಿದ್ದೂ ಹೋಗ್ಬಿಡುತ್ತಾ ಸಾರ್?"

"ಹೂಂ ಕಣಮ್ಮ."

"ಹಂಗಾದ್ರೆ ಕತ್ತರಿಸಲ್ಲ. ನನ್ನ ಹತ್ರಾನೇ ಇರುತ್ತೆ."

ಲಕೋಟೆಯನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ಹೊರಟುಹೋದಳು. ಮಾರನೆಯ ದಿನ ಕೆಲಸಕ್ಕೆ ಬರಲಿಲ್ಲ, ಅದರ ಮಾರನೆಯ ದಿನವೂ ಇಲ್ಲ. ಅಂಗಡಿಯವರು ಪುಡಿ ಕೇಳುತ್ತಿದ್ದರು. ಬಂದು ಬಿದ್ದ ಲೇಬಲ್ಲಿನ ಕಟ್ಟುಗಳನ್ನು ಬಿಚ್ಚಲು ಅತ್ತೆಗೆ ಮನಸ್ಸು ಬರಲಿಲ್ಲ. ಮೂರನೆಯ ದಿನ ತಟ್ಟೆಯಲ್ಲಿ ಅರಿಶಿನ ಕುಂಕುಮ, ಬಾಳೆಹಣ್ಣು, ವೀಳ್ಯದೆಲೆ ಇಟ್ಟುಕೊಂಡು, "ಬಾ, ಆ ಹುಡುಗಿ ಮನೆಗೆ ಹೋಗ್ಬೇಕು" ಎಂದರು. ಬೀದಿಯ ತುದಿಯಲ್ಲಿ ಫೋಟೋಗ್ರಾಫರು ಸಿಕ್ಕಿದರು, ಅವರೂ ಹಿಂದೆ ಬಂದರು.

ದೀಪಾಂಜಲಿನಗರದ ಆ ವಠಾರದಲ್ಲಿ ನಾನೂ ಅತ್ತೆಯೂ ಚಾಪೆಯ ಮೇಲೆ ಕೂತೆವು. ನಮ್ಮ ಅತ್ತೆ ಯಾರ ಮನೆಗೂ ಹೋಗಿ ಏನನ್ನೂ ಕೇಳಿದವರಲ್ಲ. ಅಂದು ತಟ್ಟೆಯನ್ನು ಸರೋಜಾಳ ಮುಂದೆ ಸರಿಸಿ ಕೇಳಿದರು. "ನಿನ್ನ ಫೋಟೋ ನಮ್ಮ ಪುಡಿಗೆ ಬೇಕು ಕಣೇ. ಕೊಡ್ತೀಯಾ? ಬೇಡ ಅಂದ್ರೆ ಬಂದಿರೋ ಕಟ್ಟೂ ತೆಗೆಯಲ್ಲ, ಹಾಗೇ ಇರುತ್ತೆ."

ಸರೋಜಾ ತಾಯಿಯ ಮುಖ ನೋಡಿದಳು. ತಾಯಿ, "ನನ್ನೇನ್ ನೋಡ್ತೀಯಾ? ನಿನ್ನ ಕೇಳ್ತಾ ಅವ್ರೆ" ಎಂದಳು.

"ಪ್ರೆಸ್ಸಿನವ್ರಿಗೆ ದುಡ್ಡು ಕೊಡ್ತೀರ. ಸಾರ್‌ಗೂ ಕೊಟ್ರಿ. ಮುಖ ನಂದಲ್ವಾ? ಲೇಬಲ್ ಮಾಡಿಸಿದಾಗೆಲ್ಲ ನಂಗೂ ಕೊಡಿ. ಇನ್ನೊಂದು, ಇದು ಈ ವರ್ಷಕ್ಕೆ ಮಾತ್ರ. ಬರೋ ಆಷಾಢಕ್ಕೆ ಮತ್ತೆ ಬಂದು ಕೇಳ್ಬೇಕು. ಆಗ ಹೂಂ ಅನ್ಬೋದು, ಬೇಡ ಅನ್ಬೋದು."

ಅತ್ತೆ ಒಪ್ಪಿದರು. ಹೊರಗೆ ಮೋರಿಯ ಬದಿಯಲ್ಲಿ ಅಡ್ಡಾಡುತ್ತಿದ್ದ ಫೋಟೋಗ್ರಾಫರು ಕಿಟಕಿಗೆ ಮುಖವಿಟ್ಟು, "ಏನಂದ್ಲು? ಏನಂದ್ಲು?" ಎಂದು ಕೇಳಿದರು.

ಅಂದಿನಿಂದ ಪ್ರತಿ ಆಷಾಢದಲ್ಲೂ ನಮ್ಮ ಅತ್ತೆ ತಟ್ಟೆ ಹಿಡಿದು ಕೇಳಲು ಹೋಗುತ್ತಿದ್ದರು. ಸರೋಜಾಳಿಗೆ ಮುಂದೆ ನಾಯಂಡಹಳ್ಳಿಯ ಕಡೆಯ ಒಬ್ಬ ಬಸ್ ಮೆಕ್ಯಾನಿಕ್ಕಿನ ಜೊತೆ ಮದುವೆಯಾಯಿತು. ಹುಡುಗ ಪೊಟ್ಟಣ ನೋಡಿಯೇ ಬಂದವನು ಎಂದು ಜನ ಹೇಳುತ್ತಿದ್ದರು. ಸರೋಜಾ ಅದಕ್ಕೆ ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಮಗಳು ಹುಟ್ಟಿದ ವರ್ಷ, "ಸಾಕು ಅಮ್ಮಾವ್ರೇ, ಇನ್ನು ಬೇಡ" ಎಂದಳು. ಅತ್ತೆ ಒಂದು ಮಾತೂ ಆಡದೆ ಲೇಬಲ್ ಬದಲಾಯಿಸಿದರು. ವ್ಯಾಪಾರ ಸ್ವಲ್ಪ ತಗ್ಗಿತು, ಆಮೇಲೆ ಹೇಗೋ ಸರಿಹೋಯಿತು.

ಆದರೆ ಫೋಟೋಗ್ರಾಫರಿಗೆ ಸರಿಹೋಗಲಿಲ್ಲ. ಸರೋಜಾಳ ಪ್ರಶ್ನೆ ಕೆಂಗೇರಿಯ ಆ ಸಂಜೆಯಿಂದಲೇ ಅವರನ್ನು ಹಿಡಿದು ಅಲ್ಲಾಡಿಸುತ್ತಿತ್ತು. ತಾವು ಅಂಗಡಿಯವರಿಗೆಂದು ತೆಗೆದ ಚಿತ್ರಗಳಲ್ಲಿ ಯಾರ್ಯಾರ ಮುಖವಿದೆಯೋ ಅವರನ್ನೆಲ್ಲ ಹುಡುಕಿ ಕೇಳಲು ಹೊರಟರು. ಹೆಂಗಸರಿರುವ ಮನೆಗಳಿಗೆ ಒಬ್ಬರೇ ಹೋಗಲು ಸಂಕೋಚ. "ಸಿಸ್ಟರ್, ನೀವೂ ಬನ್ನಿ" ಎನ್ನುತ್ತಿದ್ದರು. ನಾನು ಪುಡಿ ಹಾಕಲು ಹೇಗೂ ಬಸ್ಸಿನಲ್ಲಿ ಓಡಾಡುತ್ತಿದ್ದೆ, ಹೋಗುತ್ತಿದ್ದೆ. ಫ್ರಾಕು ಹೊಲಿಯುವವನು, "ನನ್ನ ಮಗಳ ಫೋಟೋಗೆ ನಾನ್ಯಾರನ್ನ ಸಾರ್ ಕೇಳ್ಬೇಕು?" ಎಂದು ನಕ್ಕ. "ಅವಳನ್ನ" ಎಂದು ಇವರು ಮಗುವಿನ ಮುಂದೆ ಕುಕ್ಕರಗಾಲಲ್ಲಿ ಕೂತು ಕೇಳಿದರು. ಅದು, "ಆ ಫ್ರಾಕು ಚುಚ್ತಿತ್ತು. ನೀಲಿದರಲ್ಲಿ ತೆಗೀರಿ" ಎಂದಿತು. ತೆಗೆದರು, ತಮ್ಮ ಖರ್ಚಿನಲ್ಲೇ. ಬೇಕರಿಯವನು ಮಾತ್ರ ತಲೆಕೆಟ್ಟಿದೆ ಇವನಿಗೆ ಎಂದು ಬೇರೆ ಸ್ಟುಡಿಯೋ ಹಿಡಿದ. ಇನ್ನೂ ಒಬ್ಬಿಬ್ಬರು ಹಾಗೇ ಬಿಟ್ಟುಹೋದರು. ಅಷ್ಟರಲ್ಲಿ ಮದುವೆಗಳಿಗೆ ವಿಡಿಯೋ ಬಂತು. ಕೆಲವು ವರ್ಷದ ಮೇಲೆ ಅವರು ಸ್ಟುಡಿಯೋ ಮುಚ್ಚಿ ಮೈಸೂರಿಗೆ ಹೋದರು.

ಸುಂಕದಕಟ್ಟೆಯ ವಿಷಯ ಹೇಳದೆ ಇದನ್ನು ಮುಗಿಸಲಾರೆ. ಅಲ್ಲಿ ಮಾಗಡಿ ರಸ್ತೆಯಿಂದ ಒಳಗೆ ಮರಗೆಲಸದವರೊಬ್ಬರ ಅಂಗಡಿ. ತಂದೆ ಮಗ ಇಬ್ಬರೂ ಕೆಲಸ ಮಾಡುತ್ತಿದ್ದರು. ಮೊದಲ ವರ್ಷದ ಆಷಾಢದಲ್ಲಿ ಫೋಟೋಗ್ರಾಫರು ಅಲ್ಲಿ ಒಂದು ಆರಾಮ ಕುರ್ಚಿಯ ಚಿತ್ರ ತೆಗೆದಿದ್ದರು. ಕುರ್ಚಿಯ ಅಳತೆ ನೋಡುವವರಿಗೆ 'ಇಷ್ಟು ದೊಡ್ಡದು' ಎಂದು ತಿಳಿಯಲಿ ಎಂದು, ಉಳಿ ಹಿಡಿದು ಓಡಾಡುತ್ತಿದ್ದ ಮುದುಕರನ್ನೇ ಅದರಲ್ಲಿ ಕೂರಿಸಿದ್ದರು. ಮಗ ಅದನ್ನು ಹ್ಯಾಂಡ್‌ಬಿಲ್ಲಿನಲ್ಲಿ ಅಚ್ಚು ಹಾಕಿಸಿ ಊರೆಲ್ಲ ಹಂಚಿದ್ದ.

ನಾವು ಹೋದಾಗ ಮಗ ರಂದ ಹೊಡೆದು ಹಲಗೆ ನಯ ಮಾಡುತ್ತಿದ್ದ. ವಿಷಯ ಕೇಳಿ ಕೈ ನಿಲ್ಲಿಸಿದ.

"ಅಪ್ಪ ಹೋಗಿ ಆರು ತಿಂಗಳಾಯ್ತು ಸಾರ್. ಈಗ ಬಂದು ಯಾರ ಒಪ್ಪಿಗೆ ಕೇಳ್ತೀರಾ?"

ಫೋಟೋಗ್ರಾಫರಿಗೆ ಇದು ಗೊತ್ತಿರಲಿಲ್ಲ. ಮಾತು ಕೇಳಿ ಒಳಗಿನಿಂದ ಆ ಮುದುಕರ ಹೆಂಡತಿ ಬಂದರು. ಬರಿಗೈ, ಮಾಸಿದ ಸೀರೆ. ಇವರು ತೊದಲುತ್ತಾ, "ಅಮ್ಮಾ, ನಂಗೆ ಗೊತ್ತಿರ್ಲಿಲ್ಲ. ಆ ಚಿತ್ರ ಹ್ಯಾಂಡ್‌ಬಿಲ್ಲಿಂದ ತೆಗೆಸಿಬಿಡ್ತೀನಿ. ಬರೀ ಕುರ್ಚೀದು ಬೇರೆ ತೆಗೆದುಕೊಡ್ತೀನಿ" ಎಂದರು.

"ಯಾವ ಚಿತ್ರ? ನಂಗ್ಯಾರೂ ತೋರಿಸ್ಲೇ ಇಲ್ವಲ್ಲ."

ಮಗ ತಡಬಡಿಸಿ ಗೋಡೆಯ ಮೊಳೆಯಿಂದ ಒಂದು ಹ್ಯಾಂಡ್‌ಬಿಲ್ ಕಿತ್ತು ತಂದ. ಆಕೆ ಅದನ್ನು ಹೊಸ್ತಿಲ ಬೆಳಕಿಗೆ ಹಿಡಿದರು. ನಾವು ಮೂವರೂ ಆಕೆಯ ಮುಖವನ್ನೇ ನೋಡುತ್ತಾ ನಿಂತೆವು. ಆಕೆ ಹೆಬ್ಬೆರಳಿನಿಂದ ಆ ಚಿತ್ರವನ್ನು ಮೆಲ್ಲಗೆ ಸವರಿದರು.

"ಊರೋರಿಗೆಲ್ಲ ಕುರ್ಚಿ ಮಾಡ್ಕೊಟ್ರು. ಮನೇಲಿ ಒಂದಿನಾನೂ ಒರಗಿ ಕೂತಿದ್ದು ನಾನು ಕಾಣೆ. ಊಟಾನೂ ನಿಂತ್ಕಂಡೇ. ಇಲ್ಲಿ ನೋಡು, ಕಾಲು ಚಾಚ್ಕಂಡು ಎಷ್ಟು ಚೆಂದ ಕೂತವ್ರೆ."

ಹ್ಯಾಂಡ್‌ಬಿಲ್ಲನ್ನು ಮಗನ ಕೈಗೆ ವಾಪಸು ಕೊಟ್ಟು, ಆಕೆ ಫೋಟೋಗ್ರಾಫರ ಕಡೆ ತಿರುಗಿದರು.

"ಎಬ್ಬಿಸಬ್ಯಾಡ ಕಣಪ್ಪ. ಕೂತಿರ್ಲಿ."